ಬೀಜದ ಟೇಪು

ಬೀಜದ ಟೇಪು ಎಂದರೆ ತೆಳುವಾದ ಕಾಗದದ ಉದ್ದನೆಯ ಪಟ್ಟಿಯ ಮೇಲೆ ಬೆಳೆಗೆ ಬೇಕಾದ ಅಂತರದಲ್ಲಿ ಬೀಜಗಳನ್ನು ಅಂಟಿಸಿ ಸಿದ್ಧಪಡಿಸಿದ ಬಿತ್ತನೆಯ ಸಾಧನ. ಪಟ್ಟಿಯನ್ನು ಹಾಗೆಯೇ ಮಣ್ಣಿನ ಸಾಲಿನಲ್ಲಿ ಹಾಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ ನೀರು ಕೊಡಲಾಗುತ್ತದೆ. ತೇವ ತಗುಲಿದೊಡನೆ ಅಂಟು ಸಡಿಲವಾಗುತ್ತದೆ, ಕಾಗದ ನೆನೆದು ಮೆತ್ತಗಾಗುತ್ತದೆ ಮತ್ತು ಬೀಜವು ತಾನಿದ್ದ ಸ್ಥಳದಲ್ಲಿಯೇ ಮೊಳಕೆಯೊಡೆಯುತ್ತದೆ. ಕಾಗದವು ಕೆಲವು ವಾರಗಳಲ್ಲಿ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಕೈಯಲ್ಲಿ ಒಂದೊಂದಾಗಿ ಹಿಡಿದು ಬಿತ್ತಲಾಗದಷ್ಟು ಸಣ್ಣದಾದ ಕ್ಯಾರೆಟ್, ಈರುಳ್ಳಿ, ಲೆಟ್ಯೂಸ್ ಮೊದಲಾದವುಗಳ ಬೀಜಗಳಿಗೆ ಈ ವಿಧಾನ ಹೆಚ್ಚು ಉಪಯುಕ್ತ. ಕಾರ್ಖಾನೆಯಲ್ಲಿ ತಯಾರಾದ ಟೇಪುಗಳು ಮಾರುಕಟ್ಟೆಯಲ್ಲಿ ಇವೆಯಾದರೂ, ಮೈದಾ ಹಿಟ್ಟಿನ ಅಂಟು ಮತ್ತು ತೆಳು ಕಾಗದದಿಂದ ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಕನ್ನಡದಲ್ಲಿ ಇದನ್ನು ‘ಬೀಜಪಟ್ಟಿ’ ಎಂದೂ ಕರೆಯಬಹುದು. ಆದರೆ ‘ಪಟ್ಟಿ’ ಎಂಬ ಪದಕ್ಕೆ ಯಾದಿ ಎಂಬ ಅರ್ಥವೂ ಇರುವುದರಿಂದ ಗೊಂದಲ ತಪ್ಪಿಸಲು ‘ಟೇಪು’ ಎಂಬ ರೂಪವನ್ನು ಇಲ್ಲಿ ಬಳಸಲಾಗಿದೆ.

ಹಿನ್ನೆಲೆ

ಬೀಜವನ್ನು ಸಾಲಿನಲ್ಲಿ, ಅಂತರವಿಟ್ಟು ಬಿತ್ತಬೇಕೆಂಬ ತಿಳಿವಳಿಕೆ ಕರ್ನಾಟಕದ ಕೃಷಿಗೆ ಹೊಸದಲ್ಲ. ಮರದ ಬಟ್ಟಲಿಗೆ ಬಿದಿರಿನ ಕೊಳವೆಗಳನ್ನು ಜೋಡಿಸಿ ಎತ್ತುಗಳಿಂದ ಎಳೆಸುವ ಕೂರಿಗೆಯು ರಾಗಿ, ಜೋಳ ಮೊದಲಾದ ಬೆಳೆಗಳ ಸಾಲುಬಿತ್ತನೆಗೆ ಬಹುಕಾಲದಿಂದ ಬಳಕೆಯಲ್ಲಿದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿಯ ಕೂರಿಗೆ ಮತ್ತು ಕುಂಟೆಗಳ ಬಳಕೆಯನ್ನು ವಿವರಿಸಿದ್ದಾನೆ. ಆದರೆ ಕೂರಿಗೆಯು ಸಾಲಿನಿಂದ ಸಾಲಿಗೆ ಇರುವ ಅಂತರವನ್ನು ಮಾತ್ರ ನಿಗದಿಪಡಿಸುತ್ತದೆ. ಸಾಲಿನೊಳಗೆ ಒಂದು ಬೀಜದಿಂದ ಇನ್ನೊಂದಕ್ಕೆ ಎಷ್ಟು ದೂರವಿರಬೇಕೆಂಬುದು ಬಿತ್ತುವವರ ಕೈಹದಕ್ಕೆ ಬಿಟ್ಟದ್ದು. ಬೀಜದ ಟೇಪು ಈ ಎರಡನೆಯ ಅಂತರವನ್ನೂ ಬಿತ್ತನೆಗೆ ಮೊದಲೇ ಗೊತ್ತುಮಾಡುತ್ತದೆ.

ಅಮೆರಿಕದಲ್ಲಿ 1960ರ ದಶಕದಲ್ಲಿ ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಹಾಳೆಯ ಬೀಜದ ಟೇಪುಗಳು ಬಂದವು. ಜಪಾನಿನ ತರಕಾರಿ ಬೆಳೆಗಾರರು ಕ್ಯಾರೆಟ್, ಮೂಲಂಗಿ ಮುಂತಾದ ಬೆಳೆಗಳಿಗೆ ಯಂತ್ರದ ನೆರವಿನಿಂದ ಹಾಸುವ ಟೇಪುಗಳನ್ನು ಬಳಸುತ್ತಾರೆ. ಮನೆಯಲ್ಲಿ ಮಾಡುವ ಕಾಗದದ ಟೇಪು ಇದೇ ತತ್ತ್ವದ ಸರಳ ರೂಪ.

ಉದ್ದೇಶ ಮತ್ತು ತತ್ತ್ವ

ಒಂದು ಗ್ರಾಂ ಕ್ಯಾರೆಟ್ ಬೀಜದಲ್ಲಿ ಸುಮಾರು 800 ಬೀಜಗಳಿರುತ್ತವೆ. ಒಂದು ಚಿಟಿಕೆ ಬೀಜವನ್ನು ಸಾಲಿನಲ್ಲಿ ಉದುರಿಸಿದರೂ ಸಸಿಗಳು ಒತ್ತೊತ್ತಾಗಿ ಹುಟ್ಟುತ್ತವೆ. ಗೆಡ್ಡೆ ದಪ್ಪವಾಗಲು ಸ್ಥಳ ಬೇಕಾಗಿರುವುದರಿಂದ ಹೆಚ್ಚಿನ ಸಸಿಗಳನ್ನು ಕಿತ್ತು ತೆಗೆಯಬೇಕಾಗುತ್ತದೆ. ಹೀಗೆ ಸಸಿ ವಿರಳಗೊಳಿಸುವಾಗ ಮೂರು ನಷ್ಟಗಳಿವೆ: ಕಿತ್ತ ಸಸಿಯ ಬೀಜ ವ್ಯರ್ಥವಾಗುತ್ತದೆ, ಉಳಿಸಬೇಕಾದ ಸಸಿಯ ಎಳೆಯ ಬೇರು ಅಲುಗುತ್ತದೆ ಮತ್ತು ಬಗ್ಗಿ ಕುಳಿತು ಮಾಡಬೇಕಾದ ಕೆಲಸ ಹೆಚ್ಚುತ್ತದೆ. ಕ್ಯಾರೆಟ್ ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ತಾಯಿಬೇರು ಕವಲೊಡೆದು ಗೆಡ್ಡೆ ಸೊಟ್ಟಗಾಗುವುದರಿಂದ, ಹೆಚ್ಚಾದ ಸಸಿಗಳಿಗೆ ಬೇರೆ ಉಪಯೋಗವೂ ಇಲ್ಲ.

ಬೀಜದ ಟೇಪು ಈ ಕೆಲಸವನ್ನು ಮಡಿಯಿಂದ ಮೇಜಿನ ಮೇಲಕ್ಕೆ, ಬಿತ್ತನೆಯ ನಂತರದಿಂದ ಬಿತ್ತನೆಗೆ ಮುಂಚಿನ ವೇಳೆಗೆ ವರ್ಗಾಯಿಸುತ್ತದೆ. ಬೀಜದ ಗುಣಮಟ್ಟವನ್ನಾಗಲಿ ಇಳುವರಿಯನ್ನಾಗಲಿ ಅದು ತಾನಾಗಿ ಹೆಚ್ಚಿಸುವುದಿಲ್ಲ. ಆದ್ದರಿಂದ ಅದರ ಪ್ರಯೋಜನವನ್ನು ಬೆಳೆಯನ್ನು ನೋಡಿ ಅಳೆಯಬೇಕು. ಕಿತ್ತ ಸಸಿಯು ವ್ಯರ್ಥವಾಗುವ ಬೆಳೆಗಳಲ್ಲಿ ಟೇಪು ಲಾಭದಾಯಕ. ಕಿತ್ತ ಸಸಿಯೇ ಅಡುಗೆಗೆ ಒದಗುವ ಬೆಳೆಗಳಲ್ಲಿ ಅದರ ಅಗತ್ಯ ಕಡಿಮೆ.

ಸೂಕ್ತ ಬೆಳೆಗಳು

ಬೇರು ಮತ್ತು ಗೆಡ್ಡೆ ತರಕಾರಿಗಳು ಟೇಪಿಗೆ ಅತ್ಯಂತ ಸೂಕ್ತ. ಕುಂಡ ಅಥವಾ ಸಣ್ಣ ಮಡಿಗೆ ಅನ್ವಯಿಸುವ ಸಾಮಾನ್ಯ ಅಳತೆಗಳು ಹೀಗಿವೆ:

• ಕ್ಯಾರೆಟ್: ಬೀಜದ ಅಂತರ 5 ಸೆಂ.ಮೀ., ಸಾಲಿನ ಅಂತರ 10–15 ಸೆಂ.ಮೀ., ಆಳ ಸುಮಾರು 1 ಸೆಂ.ಮೀ.; ಮೊಳಕೆಗೆ 8–15 ದಿನ.
• ಬಿಳಿಯ ಉದ್ದ ಮೂಲಂಗಿ: ಬೀಜದ ಅಂತರ 8–10 ಸೆಂ.ಮೀ., ಸಾಲಿನ ಅಂತರ 20–25 ಸೆಂ.ಮೀ., ಆಳ 1–1.5 ಸೆಂ.ಮೀ.; ಮೊಳಕೆಗೆ 3–6 ದಿನ.
• ಕೆಂಪು ದುಂಡು ಮೂಲಂಗಿ: ಬೀಜದ ಅಂತರ 4–5 ಸೆಂ.ಮೀ., ಸಾಲಿನ ಅಂತರ 10–15 ಸೆಂ.ಮೀ., ಆಳ 1 ಸೆಂ.ಮೀ.; ಮೊಳಕೆಗೆ 3–6 ದಿನ.
• ಬೀಟ್‌ರೂಟ್: ಬೀಜದ ಅಂತರ 10 ಸೆಂ.ಮೀ., ಸಾಲಿನ ಅಂತರ 20 ಸೆಂ.ಮೀ., ಆಳ 1.5 ಸೆಂ.ಮೀ.; ಮೊಳಕೆಗೆ 5–10 ದಿನ.
• ಈರುಳ್ಳಿ: ಬೀಜದ ಅಂತರ 8–10 ಸೆಂ.ಮೀ., ಸಾಲಿನ ಅಂತರ 15 ಸೆಂ.ಮೀ., ಆಳ 1 ಸೆಂ.ಮೀ.; ಮೊಳಕೆಗೆ 6–12 ದಿನ.
• ಲೆಟ್ಯೂಸ್: ಬೀಜದ ಅಂತರ 20 ಸೆಂ.ಮೀ., ಸಾಲಿನ ಅಂತರ 20–25 ಸೆಂ.ಮೀ., ಆಳ ಅರ್ಧ ಸೆಂ.ಮೀ. ಮೀರದಂತೆ, ಮೊಳಕೆಗೆ 3–8 ದಿನ.

ಬೀಟ್‌ರೂಟ್‌ನ ‘ಬೀಜ’ವೆಂದು ಕಾಣುವುದು ವಾಸ್ತವವಾಗಿ ಹಲವು ಬೀಜಗಳ ಗೊಂಚಲು. ಒಂದರಿಂದಲೇ ಎರಡು–ಮೂರು ಸಸಿಗಳು ಏಳಬಹುದು. ಆದ್ದರಿಂದ ಪ್ರತಿ ಗುರುತಿಗೆ ಒಂದನ್ನು ಮಾತ್ರ ಇಡಬೇಕು ಮತ್ತು ಟೇಪು ಬಳಸಿದ ಮೇಲೂ ಸ್ವಲ್ಪ ಸಸಿ ತೆಗೆಯಬೇಕಾಗುತ್ತದೆ. ಲೆಟ್ಯೂಸ್ ಬೀಜ ಮೊಳೆಯಲು ಬೆಳಕು ನೆರವಾಗುವುದರಿಂದ ಅದಕ್ಕೆ ಒಂದೇ ಪದರದ ಕಾಗದ ಸಾಕು.

ಹರಿವೆ, ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಮೊದಲಾದ ಸೊಪ್ಪುಗಳಿಗೆ ಟೇಪು ಮಾಡುವುದು ಸಾಧಾರಣವಾಗಿ ಅನಗತ್ಯ. ಇವನ್ನು ಒತ್ತಾಗಿ ಚೆಲ್ಲಿ ಬೆಳೆದು, ಎಳೆಯದಾಗಿರುವಾಗಲೇ ಬೇರುಸಹಿತ ಕಿತ್ತು ಕಟ್ಟು ಕಟ್ಟುವುದು ಬೆಂಗಳೂರಿನ ಸೊಪ್ಪಿನ ಮಾರುಕಟ್ಟೆಯ ವಾಡಿಕೆ. ಇಲ್ಲಿ ಸಸಿ ವಿರಳಗೊಳಿಸುವುದೇ ಕೊಯ್ಲು. ಹರಿವೆಯ ಸಣ್ಣ ಬೀಜವನ್ನು ಒಣ ಮರಳು ಅಥವಾ ಪುಡಿ ಗೊಬ್ಬರದೊಂದಿಗೆ ಬೆರೆಸಿ ಚೆಲ್ಲಿದರೆ ಸಾಕಾಗುತ್ತದೆ. ದಂಟಿಗಾಗಿಯೇ ಬಹುದಿನ ಬೆಳೆಸುವ ಗಿಡಗಳಿಗೆ ಮಾತ್ರ ಅಂತರ ಬೇಕು. ಅವರೆ, ಹುರುಳಿಕಾಯಿ, ಬೆಂಡೆ ಮುಂತಾದ ದೊಡ್ಡ ಬೀಜಗಳನ್ನು ಕೈಯಿಂದಲೇ ಊರಬಹುದಾದ್ದರಿಂದ ಅವುಗಳಿಗೂ ಟೇಪು ಬೇಡ. ಟೊಮೆಟೊ, ಬದನೆ, ಮೆಣಸಿನಕಾಯಿಗಳನ್ನು ಸಸಿಮಡಿಯಲ್ಲಿ ಬೆಳೆಸಿ ನಾಟಿ ಮಾಡುವುದು ರೂಢಿ.

ಸಾಮಗ್ರಿಗಳು

ಕಾಗದ: ನೀರಿನಲ್ಲಿ ಅದ್ದಿದರೆ ಬೇಗ ಹರಿಯುವಂಥ ತೆಳು ಟಿಶ್ಯೂ ಕಾಗದ ಉತ್ತಮ. ಎರಡು ಪದರಗಳಿದ್ದರೆ ಬಿಡಿಸಿಕೊಳ್ಳಬೇಕು. ಅಡುಗೆಮನೆಯಲ್ಲಿ ಒರೆಸಲು ಬಳಸುವ ದಪ್ಪ ಟಿಶ್ಯೂ ಒದ್ದೆಯಾದರೂ ಹರಿಯದಂತೆ ತಯಾರಿಸಲ್ಪಟ್ಟಿರುತ್ತದೆ, ಹೀಗಾಗಿ ಅದು ನಿಧಾನವಾಗಿ ಕೊಳೆಯುತ್ತದೆ. ಕಪ್ಪು ಮಸಿಯ ಸಾಧಾರಣ ದಿನಪತ್ರಿಕೆಯ ಕಾಗದವನ್ನು ಒಂದೇ ಪದರವಾಗಿ ಬಳಸಬಹುದು. ಹೊಳಪಿನ ಬಣ್ಣದ ಪುಟಗಳು ಬೇಡ.

ಅಂಟು: ಒಂದು ಚಮಚ ಮೈದಾ ಹಿಟ್ಟಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ, ಕಡ್ಡಿಯ ತುದಿಯಲ್ಲಿ ತೊಟ್ಟಿಕ್ಕದೆ ನಿಲ್ಲುವಷ್ಟು ಗಟ್ಟಿಯಾಗಿ ಕಲಸಬೇಕು. ಕಾಯಿಸಿದ ಅಂಟು ಬೇಕಾದರೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಂತಾಗುವವರೆಗೆ ತಿರುವಿ, ಪೂರ್ಣ ಆರಿದ ಬಳಿಕ ಬಳಸಬೇಕು. ಬಿಸಿ ಅಂಟು ಬೀಜದ ಜೀವವನ್ನು ಕೊಲ್ಲುತ್ತದೆ. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅಂಥ ಅಂಟು ಮೊಳಕೆಗೆ ಹಾನಿಕರ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡದಿರುವುದರಿಂದ ಅದೂ ಸೂಕ್ತವಲ್ಲ.

ಇತರ ಸಾಮಗ್ರಿ: ಅಳತೆಪಟ್ಟಿ, ಪೆನ್ಸಿಲು, ಕತ್ತರಿ, ಬೀಜ ಹರಡಿಕೊಳ್ಳಲು ಬಿಳಿಯ ತಟ್ಟೆ, ಅಂಟು ಇಡಲು ಟೂತ್‌ಪಿಕ್ ಅಥವಾ ಉರಿದು ಉಳಿದ ಊದುಬತ್ತಿಯ ಕಡ್ಡಿ.

ತಯಾರಿಸುವ ವಿಧಾನ

1. ಕಾಗದವನ್ನು 2–3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಬೇಕು. ಉದ್ದವು ಕುಂಡ ಅಥವಾ ಮಡಿಯ ಉದ್ದಕ್ಕೆ ಸರಿಹೊಂದಬೇಕು. ಒಂದು ಮೀಟರಿಗಿಂತ ಉದ್ದವಾದರೆ ಹಾಸುವಾಗ ಹರಿಯುವ ಸಂಭವ ಹೆಚ್ಚು.
2. ಪಟ್ಟಿಯ ನಡುವೆ, ಬೆಳೆಗೆ ತಕ್ಕ ಅಂತರದಲ್ಲಿ ಪೆನ್ಸಿಲಿನಿಂದ ಚುಕ್ಕೆಗಳನ್ನು ಗುರುತಿಸಬೇಕು.
3. ಪಟ್ಟಿಯ ಒಂದು ತುದಿಯಲ್ಲಿ ಬೆಳೆ, ತಳಿ ಮತ್ತು ತಯಾರಿಸಿದ ದಿನಾಂಕವನ್ನು ಬರೆಯಬೇಕು. ಅಂಟಿಸಿದ ನಂತರ ಸಣ್ಣ ಬೀಜಗಳನ್ನು ನೋಡಿ ಗುರುತಿಸುವುದು ಕಷ್ಟ.
4. ಸಾಸಿವೆ ಕಾಳಿನಷ್ಟು ಅಂಟನ್ನು ಚುಕ್ಕೆಯ ಮೇಲೆ ಇಟ್ಟು, ಕಡ್ಡಿಯ ಒದ್ದೆ ತುದಿಯಿಂದ ಬೀಜವನ್ನು ಎತ್ತಿ ಅದರ ಮೇಲೆ ಕೂರಿಸಬೇಕು. ಅಂಟು ಬೀಜವನ್ನು ಹಿಡಿದಿಡಬೇಕೇ ಹೊರತು ಮುಳುಗಿಸಬಾರದು.
5. ಬೇಕೆನಿಸಿದರೆ ಪಟ್ಟಿಯನ್ನು ಉದ್ದುದ್ದಕ್ಕೆ ಮಡಚಿ ಬೀಜವನ್ನು ಮುಚ್ಚಬಹುದು. ತೆಳು ಕಾಗದವಾದರೆ ಇದರಿಂದ ಪಟ್ಟಿಗೆ ಬಲ ಬರುತ್ತದೆ.
6. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಹರಡಿ ಕೆಲವೇ ಗಂಟೆಗಳಲ್ಲಿ ಒಣಗಿಸಬೇಕು.

ಕೊನೆಯ ಹಂತವು ನಿರ್ಣಾಯಕ. ಬೀಜವು ಬಹುಹೊತ್ತು ಒದ್ದೆಯಾಗಿದ್ದರೆ ನೀರನ್ನು ಹೀರಿಕೊಂಡು ಒಳಗೇ ಮೊಳೆಯಲು ತೊಡಗುತ್ತದೆ. ಬೇರು ಹೊರಬಂದ ನಂತರ ಒಣಗಿದರೆ ಅದು ಸಾಯುತ್ತದೆ. ಮೂರು–ನಾಲ್ಕು ದಿನಗಳಲ್ಲಿ ಮೊಳೆಯುವ ಮೂಲಂಗಿಯಲ್ಲಿ ಈ ಅಪಾಯ ಹೆಚ್ಚು. ಮಳೆಗಾಲದ ತೇವದ ಹವೆಯಲ್ಲಿ ಅಂಟು ಗಟ್ಟಿಯಾಗಿ, ಚುಕ್ಕೆ ಚಿಕ್ಕದಾಗಿ ಇದ್ದಷ್ಟೂ ಒಳ್ಳೆಯದು. ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣ ಬಳಿದ ಬೀಜಗಳು ಸಾಮಾನ್ಯವಾಗಿ ಶಿಲೀಂಧ್ರನಾಶಕದಿಂದ ಉಪಚರಿಸಲ್ಪಟ್ಟವು. ಅವನ್ನು ಕೈಗವಸಿಲ್ಲದೆ ಮುಟ್ಟಬಾರದು, ಅಡುಗೆಯ ಪಾತ್ರೆಗಳಲ್ಲಿ ಹಾಕಬಾರದು, ಮಕ್ಕಳಿಗೆ ಕೊಡಬಾರದು.

ಒಣಗಿದ ಪಟ್ಟಿಗಳನ್ನು ಸಡಿಲವಾಗಿ ಸುರುಳಿ ಸುತ್ತಿ, ಕಾಗದದ ಲಕೋಟೆಯಲ್ಲಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ಅದೇ ಹಂಗಾಮಿನಲ್ಲಿ ಬಳಸುವುದು ಲೇಸು. ಈರುಳ್ಳಿ ಬೀಜವು ಸಾಮಾನ್ಯ ಸಂಗ್ರಹದಲ್ಲಿ ಒಂದು ವರ್ಷದೊಳಗೇ ಬಹಳಷ್ಟು ಶಕ್ತಿಗುಂದುವುದರಿಂದ ಅದರ ಟೇಪನ್ನು ಮುಂದಿನ ವರ್ಷಕ್ಕೆ ಉಳಿಸಬಾರದು.

ಒಂದು ಗುರುತಿಗೆ ಎಷ್ಟು ಬೀಜ

ಎಲ್ಲ ಬೀಜಗಳೂ ಮೊಳೆಯುವುದಿಲ್ಲ. ಭಾರತದ ಬೀಜ ಪ್ರಮಾಣೀಕರಣ ಮಾನದಂಡದಂತೆ ಕ್ಯಾರೆಟ್ ಬೀಜದಲ್ಲಿ ಕನಿಷ್ಠ ಶೇ. 60, ಮೂಲಂಗಿ ಮತ್ತು ಈರುಳ್ಳಿಯಲ್ಲಿ ಕನಿಷ್ಠ ಶೇ. 70 ಮೊಳೆಯಬೇಕು. ಮೊಳೆಯುವ ಪ್ರಮಾಣ ಶೇ. 60 ಇರುವಾಗ ಗುರುತಿಗೆ ಒಂದೊಂದೇ ಬೀಜವಿಟ್ಟರೆ ನೂರರಲ್ಲಿ 40 ಸ್ಥಾನಗಳು ಖಾಲಿ ಉಳಿಯುತ್ತವೆ. ಎರಡೆರಡು ಇಟ್ಟರೆ ಖಾಲಿ ಸ್ಥಾನಗಳು 16ಕ್ಕೂ, ಮೂರು ಇಟ್ಟರೆ ಸುಮಾರು 6ಕ್ಕೂ ಇಳಿಯುತ್ತವೆ. ಶೇ. 70 ಇದ್ದರೆ ಇದೇ ಸಂಖ್ಯೆಗಳು ಕ್ರಮವಾಗಿ 30, 9 ಮತ್ತು ಸುಮಾರು 3. ಬೀಜ ಹೆಚ್ಚಿದಂತೆ ಕೀಳಬೇಕಾದ ಸಸಿಯೂ ಹೆಚ್ಚುವುದರಿಂದ, ಕ್ಯಾರೆಟ್ ಮತ್ತು ಈರುಳ್ಳಿಗೆ ಎರಡು, ಹೊಸ ಮೂಲಂಗಿ ಬೀಜಕ್ಕೆ ಒಂದು ಅಥವಾ ಎರಡು ಎಂಬುದು ಸಮಂಜಸ.

ಹಳೆಯ ಬೀಜವಾದರೆ ಮೊದಲು ಪರೀಕ್ಷಿಸಬೇಕು. 20 ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆ ಅಥವಾ ಕಾಗದದಲ್ಲಿ ಸುತ್ತಿ, ತೇವ ಆರದಂತೆ ಇಟ್ಟು, ಬೆಳೆಗೆ ತಕ್ಕಷ್ಟು ದಿನಗಳ ನಂತರ ಮೊಳಕೆಗಳನ್ನು ಎಣಿಸಿ ಐದರಿಂದ ಗುಣಿಸಿದರೆ ಶೇಕಡಾವಾರು ಪ್ರಮಾಣ ತಿಳಿಯುತ್ತದೆ. ಅರ್ಧಕ್ಕಿಂತ ಕಡಿಮೆ ಮೊಳೆತ ಬೀಜದಿಂದ ಟೇಪು ಮಾಡುವುದು ವ್ಯರ್ಥ ಶ್ರಮ.

ಬಿತ್ತನೆ ಮತ್ತು ಆರೈಕೆ

ಮಣ್ಣನ್ನು ಹೆಂಟೆಗಳಿಲ್ಲದಂತೆ ಪುಡಿಮಾಡಿ, ಮಟ್ಟಸಗೊಳಿಸಿ, ಬಿತ್ತುವ ಮುನ್ನವೇ ಚೆನ್ನಾಗಿ ನೆನೆಸಬೇಕು. ಕೋಲಿನಿಂದ ಬೇಕಾದ ಆಳಕ್ಕೆ ಗೆರೆ ಎಳೆದು, ಅದರಲ್ಲಿ ಪಟ್ಟಿಯನ್ನು ಸುಕ್ಕಿಲ್ಲದಂತೆ ಹಾಸಿ, ಜರಡಿ ಹಿಡಿದ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಿಂದ ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಕಾಗದದ ಯಾವ ಅಂಚೂ ಹೊರಗೆ ಕಾಣಬಾರದು. ಗಾಳಿಗೆ ತೆರೆದ ಅಂಚು ಬತ್ತಿಯಂತೆ ವರ್ತಿಸಿ ಒಳಗಿನ ತೇವವನ್ನು ಹೊರಗೆಳೆಯುತ್ತದೆ. ಬಳಿಕ ಝಾರಿಯಿಂದ ಸಣ್ಣ ಹನಿಗಳಾಗಿ ನೀರು ಹಾಕಬೇಕು.

ಮೊಳಕೆ ಬರುವವರೆಗೆ ಪಟ್ಟಿ ಒಮ್ಮೆಯೂ ಒಣಗಬಾರದು. ಬರಿಯ ಬೀಜಕ್ಕಿಂತ ಟೇಪಿನಲ್ಲಿ ಇದು ಹೆಚ್ಚು ಮುಖ್ಯ, ಏಕೆಂದರೆ ಒಣಗಿದ ಕಾಗದ ಮತ್ತು ಅಂಟು ಮತ್ತೆ ಗಟ್ಟಿಯಾಗಿ ಬೀಜವನ್ನು ಮಣ್ಣಿನ ತೇವದಿಂದ ಬೇರ್ಪಡಿಸುತ್ತವೆ. ಕ್ಯಾರೆಟ್‌ನಂಥ ನಿಧಾನದ ಬೆಳೆಗೆ ಸಾಲಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡೊಡನೆ ತೆಗೆಯುವುದು ಪರಿಣಾಮಕಾರಿ ಉಪಾಯ. ಎರಡು ಸಸಿಗಳು ಹುಟ್ಟಿದ ಕಡೆ ಒಂದನ್ನು ಕೀಳುವ ಬದಲು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿದರೆ ಉಳಿದದ್ದರ ಬೇರು ಅಲುಗುವುದಿಲ್ಲ.

ಬೆಂಗಳೂರಿನ ಸನ್ನಿವೇಶ

1809ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾದ ನಂತರ, ಅಲ್ಲಿಯ ಯೂರೋಪಿಯನ್ ನಿವಾಸಿಗಳ ಬೇಡಿಕೆಯಿಂದ ಕ್ಯಾರೆಟ್, ಬೀಟ್‌ರೂಟ್, ಲೆಟ್ಯೂಸ್ ಮೊದಲಾದ ‘ಇಂಗ್ಲಿಷ್ ತರಕಾರಿ’ಗಳ ಬೇಸಾಯ ಬಂಗಲೆಗಳ ಕೈತೋಟಗಳಲ್ಲಿಯೂ ಸುತ್ತಲಿನ ತೋಟಗಳಲ್ಲಿಯೂ ನೆಲೆಯೂರಿತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿನ ತಂಪು ಹವೆ ಈ ಬೆಳೆಗಳಿಗೆ ಅನುಕೂಲಕರ. ದಂಡುಪ್ರದೇಶದ ಈಶಾನ್ಯಕ್ಕಿರುವ ಕಮ್ಮನಹಳ್ಳಿ, ಹೆಸರೇ ಸೂಚಿಸುವಂತೆ, ಒಂದು ಕಾಲದ ಹಳ್ಳಿ. ಪಕ್ಕದ ಬಾಣಸವಾಡಿ, ಲಿಂಗರಾಜಪುರಗಳಂತೆ ಅದೂ ನಗರದೊಳಗೆ ಸೇರಿಹೋಗಿ, ಎಚ್‌ಆರ್‌ಬಿಆರ್ ಬಡಾವಣೆ, ಕಲ್ಯಾಣನಗರಗಳ ನೆರೆಯಲ್ಲಿ ದಟ್ಟ ವಸತಿ ಮತ್ತು ವ್ಯಾಪಾರದ ಪ್ರದೇಶವಾಗಿದೆ. ಇಂಥ ಬಡಾವಣೆಗಳಲ್ಲಿ 30×40 ಅಡಿಯ ಸೈಟನ್ನು ಮನೆಯೇ ತುಂಬಿಕೊಂಡಿರುವುದರಿಂದ, ಕೈತೋಟವೆಂದರೆ ಬಹುಮಟ್ಟಿಗೆ ತಾರಸಿಯ ಮೇಲಿನ ಕುಂಡ, ತೊಟ್ಟಿ ಮತ್ತು ಗ್ರೋ ಬ್ಯಾಗುಗಳು. ತಾರಸಿ ಬೆಳೆಗಾರರ ಸಂಘಟನೆಗಳೂ ನಗರದಲ್ಲಿವೆ. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳವು ಬೀಜ, ಗೊಬ್ಬರ ಮತ್ತು ಅನುಭವಗಳ ವಿನಿಮಯಕ್ಕೆ ವೇದಿಕೆಯಾಗಿದೆ.

ಸೀಮಿತ ಸ್ಥಳದಲ್ಲಿ ಟೇಪಿನ ಲೆಕ್ಕ ಸ್ಪಷ್ಟವಾಗುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 10 ಸೆಂ.ಮೀ. ಅಂತರದ ಮೂರು ಸಾಲುಗಳು ಹಿಡಿಸುತ್ತವೆ. 5 ಸೆಂ.ಮೀ.ಗೆ ಒಂದರಂತೆ ಸಾಲಿಗೆ 11, ಒಟ್ಟು 33 ಗುರುತುಗಳು. ಎರಡೆರಡು ಬೀಜವಿಟ್ಟರೆ 66 ಬೀಜ, ಅಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಗ್ರಾಂ ಬೀಜ ಇಂಥ ಹನ್ನೆರಡು ತೊಟ್ಟಿಗಳಿಗೆ ಸಾಲುತ್ತದೆ. ಕ್ಯಾರೆಟ್‌ಗೆ ತೊಟ್ಟಿಯ ಆಳ 25–30 ಸೆಂ.ಮೀ. ಇರಬೇಕು.

ಕಾಲ: ಜೂನ್‌ನಿಂದ ಮಳೆ ಆರಂಭವಾಗಿ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲಿ ಜೋರು ಮಳೆಗಳಾಗುತ್ತವೆ. ಇಂಥ ಮಳೆ ಮೇಲ್ಮಣ್ಣಿನ ಸಣ್ಣ ಬೀಜಗಳನ್ನು ಕೊಚ್ಚಿ ಒಂದೆಡೆ ಗುಡ್ಡೆಹಾಕುತ್ತದೆ. ಟೇಪಿಗೆ ಅಂಟಿದ ಬೀಜ ಅಷ್ಟು ಸುಲಭವಾಗಿ ಚದುರದು. ಆದರೂ ತಾರಸಿಯಲ್ಲಿ ಸಸಿ ಏಳುವವರೆಗೆ ನೆರಳುಬಲೆಯ ರಕ್ಷಣೆ ಒಳ್ಳೆಯದು. ಕೆಂಪು ಮಣ್ಣು ಹೊಡೆತದ ಮಳೆಯ ನಂತರ ಬಿಸಿಲಿಗೆ ಬಿರುಸಾಗಿ ಹೆಪ್ಪುಗಟ್ಟುವುದರಿಂದ, ಮುಚ್ಚುವ ಪದರಕ್ಕೆ ಬರಿಯ ಕೆಂಪು ಮಣ್ಣು ಬಳಸಬಾರದು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಲೆಟ್ಯೂಸ್ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ನೀರು: 2024ರ ಮಾರ್ಚ್‌ನಲ್ಲಿ ನೀರಿನ ತೀವ್ರ ಕೊರತೆ ಉಂಟಾದಾಗ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ ₹5,000 ದಂಡ ಗೊತ್ತುಪಡಿಸಿತು. ಮೊಳಕೆಯ ಅವಧಿಯಲ್ಲಿ ಎಡೆಬಿಡದೆ ತೇವ ಬೇಡುವ ಟೇಪಿನ ಬಿತ್ತನೆಯನ್ನು ಆದ್ದರಿಂದ ಜೂನ್ ನಂತರ ಇಟ್ಟುಕೊಂಡು, ಸಂಗ್ರಹಿಸಿದ ಮಳೆನೀರು ಅಥವಾ ತರಕಾರಿ ತೊಳೆದ ನೀರನ್ನು ಬಳಸುವುದು ಸೂಕ್ತ. ಬೀಜ ಸಾಲಿನಲ್ಲಷ್ಟೇ ಇರುವುದರಿಂದ ಇಡೀ ಮಡಿಗೆ ನೀರು ಹಾಕಬೇಕಾಗಿಲ್ಲ.

ಇರುವೆ: ಹಿಟ್ಟಿನ ಅಂಟು ಇರುವೆಗಳನ್ನು ಆಕರ್ಷಿಸುತ್ತದೆ. ಒಣಗಲು ಹರಡಿದಾಗಲೂ ಬಿತ್ತಿದ ಮೇಲೂ ಅವು ಬೀಜವನ್ನು ಹೊತ್ತೊಯ್ಯಬಲ್ಲವು. ಒಣಗಿಸುವ ತಟ್ಟೆಯನ್ನು ನೀರಿನ ಪಾತ್ರೆಯ ನಡುವೆ ಎತ್ತರಿಸಿ ಇಡುವುದು, ಅಂಟನ್ನು ಮಿತವಾಗಿ ಬಳಸುವುದು, ಮಡಿಗೆ ಬೇವಿನ ಹಿಂಡಿ ಸೇರಿಸುವುದು ಮತ್ತು ಮಣ್ಣನ್ನು ತೇವವಾಗಿಡುವುದು ಪರಿಹಾರಗಳು.

ತಳಿಗಳು: 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಯಲುಸೀಮೆಯ ಹವೆಗೆ ಒಗ್ಗುವ ಅರ್ಕಾ ಸೂರಜ್ ಕ್ಯಾರೆಟ್, ಅರ್ಕಾ ನಿಶಾಂತ್ ಮೂಲಂಗಿ, ಅರ್ಕಾ ಕಲ್ಯಾಣ್ ಈರುಳ್ಳಿ ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದೆ.

ಅನುಕೂಲಗಳು ಮತ್ತು ಮಿತಿಗಳು

ಬೀಜದ ಉಳಿತಾಯ, ಸಮನಾದ ಅಂತರ ಮತ್ತು ಬಿತ್ತನೆಯ ವೇಗ ಈ ವಿಧಾನದ ಮುಖ್ಯ ಅನುಕೂಲಗಳು. ಬಗ್ಗಲು ಕಷ್ಟಪಡುವ ಹಿರಿಯರು ಕುರ್ಚಿಯಲ್ಲಿ ಕುಳಿತು ಕೆಲಸದ ಬಹುಭಾಗವನ್ನು ಮುಗಿಸಬಹುದು. ಶಾಲೆಗಳಲ್ಲಿ ಅಳತೆ, ಎಣಿಕೆ ಮತ್ತು ಶೇಕಡಾವಾರು ಲೆಕ್ಕವನ್ನು ಬೀಜ ಮೊಳೆಯುವಿಕೆಯೊಂದಿಗೆ ಕಲಿಸಲು ಇದು ಒಳ್ಳೆಯ ಚಟುವಟಿಕೆ.

ಮತ್ತೊಂದೆಡೆ, ತಯಾರಿಕೆಗೆ ಸಮಯ ಬೇಕು. ಕೆಲವು ತೊಟ್ಟಿಗಳಿಗೆ ಸರಿಹೋಗುವ ಈ ಕೈಕೆಲಸ ಎಕರೆಗಟ್ಟಲೆ ಬೇಸಾಯಕ್ಕೆ ಹೊಂದದು. ಮೊಳಕೆಯು ಬರಿಯ ಬೀಜಕ್ಕಿಂತ ಒಂದೆರಡು ದಿನ ತಡವಾಗಬಹುದು. ಬೀಜ ಕೆಟ್ಟಿದ್ದರೆ ಸಾಲಿನ ಕೊರತೆ ತಡವಾಗಿ ತಿಳಿಯುತ್ತದೆ. ಆ ಕೊರತೆ ತುಂಬಲು ಪ್ರತಿ ಬಾರಿ ಒಂದೆರಡು ಹೆಚ್ಚುವರಿ ಪಟ್ಟಿಗಳನ್ನು ಮಾಡಿಟ್ಟುಕೊಳ್ಳುವುದು ವಾಡಿಕೆ. ಮರಳಿನೊಂದಿಗೆ ಬೆರೆಸಿ ಬಿತ್ತುವುದು ಮತ್ತು ಜೇಡಿಮಣ್ಣು ಮುಂತಾದವುಗಳ ಲೇಪನದಿಂದ ದಪ್ಪಗೊಳಿಸಿದ ಗುಳಿಗೆ ಬೀಜಗಳನ್ನು ಬಳಸುವುದು ಇದಕ್ಕೆ ಪರ್ಯಾಯಗಳು. ಮೊದಲನೆಯದು ಅಗ್ಗ ಆದರೆ ಅಂತರ ಅನಿಶ್ಚಿತ, ಎರಡನೆಯದು ನಿಖರ ಆದರೆ ದುಬಾರಿ.

ಇವನ್ನೂ ನೋಡಿ

• ಕೈತೋಟ
• ತಾರಸಿ ತೋಟ
• ಕೂರಿಗೆ
• ಬೀಜೋಪಚಾರ
• ಮಳೆನೀರು ಸಂಗ್ರಹ
• ಕಮ್ಮನಹಳ್ಳಿ